ಹೂಂ ಅಂದಮೇಲೇ ಪೇಸ್ಟ್

ನಾನು ಜೋರಾಗಿ ಓದುತ್ತೇನೆ. ಅದು ತಲೆನೋವು ಅನ್ನಿಸುವವರು ಪಕ್ಕದ ಅಂಗಡಿಗೆ ಹೋಗಬಹುದು, ಅಲ್ಲಿ ಫ್ಯಾನೂ ಚೆನ್ನಾಗಿ ತಿರುಗುತ್ತದೆ. ಗುಬ್ಬಿಯಲ್ಲಿ ತಾಲ್ಲೂಕು ಕಚೇರಿಗೆ ನಡೆದು ಹೋಗುವಷ್ಟು ದೂರದಲ್ಲಿ ನನ್ನದೊಂದು ಅಂಗಡಿ ಇದೆ. ಬೋರ್ಡಿನಲ್ಲಿ ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ ಎಂದಿದೆ. ಆದರೆ ಜನ ಬರುವುದು ಬರೆಸುವುದಕ್ಕೆ. ಪಹಣಿಯಲ್ಲಿ ಹೆಸರು ತಪ್ಪಿದೆ ಎಂದು ಅರ್ಜಿ, ಟ್ರಾನ್ಸ್‌ಫಾರ್ಮರ್ ಸುಟ್ಟು ಎಂಟು ದಿನವಾಯಿತು ಎಂದು ಅರ್ಜಿ, ಯಾವುದೋ ನೋಟಿಸಿಗೆ ಉತ್ತರ. ಏನೇ ಇರಲಿ, ಕಳಿಸುವ ಮುಂಚೆ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತೇನೆ. ಬರೆಸಿದವರು ಎದುರಿನ ಸ್ಟೂಲಿನ ಮೇಲೆ ಕೂತು ಒಂದೊಂದು ವಾಕ್ಯಕ್ಕೂ ಹೂಂ ಅನ್ನಬೇಕು. ಹೂಂ ಬರಲಿಲ್ಲವೋ, ನಾನು ಅಲ್ಲಿಗೇ ನಿಲ್ಲುತ್ತೇನೆ. ಹಿಂದೆ ಎಷ್ಟು ಜನ ಕಾಯುತ್ತಿದ್ದರೂ ಸರಿ.

ಮೊನ್ನೆ ತುಮಕೂರಿನ ಅಂತರಸನಹಳ್ಳಿಯ ಫ್ಯಾಕ್ಟರಿಗೆ ಸೆಕೆಂಡ್ ಶಿಫ್ಟಿಗೆ ಹೋಗುವವರೊಬ್ಬರು ಹೆಲ್ಮೆಟ್ ಕೂಡ ತೆಗೆಯದೆ ಒಳಗೆ ಬಂದಿದ್ದರು. ರೇಷನ್ ಕಾರ್ಡಿಗೆ ಹೆಂಡತಿಯ ಹೆಸರು ಸೇರಿಸುವ ಅರ್ಜಿ. ನಾನು ಎರಡನೇ ವಾಕ್ಯ ಓದುವಷ್ಟರಲ್ಲಿ ಅವರಿಗೆ ರೇಗಿತು.

“ಏನ್ ಮೇಡಂ, ಇದೇನ್ ಹರಿಕಥೆನಾ? ಪೇಸ್ಟ್ ಮಾಡಿ ಕಳ್ಸಿ ಅತ್ಲಾಗೆ. ಶಿಫ್ಟಿಗೆ ಟೈಮಾಯ್ತು.”

“ಹೂಂ ಅಂದ್ರೆ ಕಳಿಸ್ತೀನಿ. ಮೊದ್ಲು ಹೆಲ್ಮೆಟ್ ತೆಗೀರಿ, ನೀವು ಅನ್ನೋದು ಕೇಳಿಸ್ತಾ ಇಲ್ಲ,” ಎಂದೆ.

ಗೊಣಗಿಕೊಂಡೇ ಹೆಲ್ಮೆಟ್ ತೆಗೆದರು. ಎಲ್ಲದಕ್ಕೂ ಹೂಂ ಅಂದರು. ಒಂದೂ ತಪ್ಪಿರಲಿಲ್ಲ. ತಪ್ಪಿಲ್ಲದಿದ್ದರೂ ಓದಿದ್ದಕ್ಕೆ ನನಗೆ ಒಂದಿಷ್ಟೂ ಬೇಜಾರಿಲ್ಲ. ಯಾಕೆ ಇಷ್ಟು ಹಟ ಎಂದು ಕೇಳಿದವರಿಗೆಲ್ಲ ಒಂದೊಂದು ತುಂಡು ಉತ್ತರ ಕೊಟ್ಟು ಸಾಗಹಾಕಿದ್ದೇನೆ. ಇಲ್ಲಿ ಪೂರ್ತಿ ಹೇಳುತ್ತೇನೆ.

ಇದು ಅಪ್ಪನಿಂದ ಬಂದದ್ದು. ಅಪ್ಪ ಕುಣಿಗಲ್‌ನಲ್ಲಿ ಕಚೇರಿಯ ಮುಂದೆ ಹೊಂಗೆಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ. ಬೆಳಿಗ್ಗೆ ಹತ್ತಕ್ಕೆ ಕೂತರೆ ಸಂಜೆ ಐದಕ್ಕೆ ಏಳುವುದು. ಸ್ಕೂಲು ಬಿಟ್ಟಮೇಲೆ ನಾನು ಅಲ್ಲಿಗೇ ಹೋಗಿ ಅವನ ಪಕ್ಕದ ಕಲ್ಲಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದೆ. ಹಾಗಾಗಿ ನನ್ನ ಮಗ್ಗಿಯ ಜೊತೆಗೇ ಊರಿನವರ ಅರ್ಜಿಗಳೂ ಬಾಯಿಪಾಠವಾಗಿದ್ದವು. ಅಪ್ಪ ಟೈಪ್ ಮಾಡಿ ಮುಗಿಸಿ, ಹಾಳೆಯನ್ನು ಎಳೆದು ತೆಗೆದು, ಕನ್ನಡಕ ಏರಿಸಿ, “ಕೇಳ್ಕಳಪ್ಪ” ಅನ್ನುತ್ತಿದ್ದ. ಆಮೇಲೆ ಓದುವುದು. ಎದುರಿಗಿದ್ದವನು ಹೂಂ, ಹೂಂ ಅನ್ನುವುದು. ಒಂದು ಸಲ ಒಬ್ಬ ಮುದುಕ ಅರ್ಧ ಪುಟದವರೆಗೆ ಹೂಂ ಅಂದವನು ಒಂದು ಕಡೆ ಸುಮ್ಮನಾದ. “ನನ್ನ ಮಗನು ನನ್ನನ್ನು ನೋಡಿಕೊಳ್ಳುತ್ತಿಲ್ಲ” ಎಂಬ ವಾಕ್ಯ. ಅವನೇ ಹೇಳಿ ಬರೆಸಿದ ಮಾತು ಅದು. ಅಪ್ಪ ಮತ್ತೊಮ್ಮೆ ಓದಿದ. ಮುದುಕ ಟವೆಲಿನಿಂದ ಮುಖ ಒರೆಸಿಕೊಂಡನೇ ಹೊರತು ಹೂಂ ಅನ್ನಲಿಲ್ಲ. ಅಪ್ಪ ಏನೂ ಕೇಳದೆ ಹಾಳೆ ಹರಿದು, ಬೇರೆ ಹಾಳೆ ಏರಿಸಿ, ಆ ವಾಕ್ಯ ಬಿಟ್ಟು ಮಿಕ್ಕಿದ್ದನ್ನೆಲ್ಲ ಮತ್ತೆ ಟೈಪ್ ಮಾಡಿದ.

ಬಸ್ಸಿನಲ್ಲಿ ಮನೆಗೆ ಹೋಗುವಾಗ ನಾನು ಕೇಳಿದೆ, ಅವನೇ ಹೇಳಿದ್ದಲ್ವಾ, ಯಾಕೆ ಹರಿದೆ ಎಂದು.

“ಹಾಳೆ ನಂದು ಕಣೇ, ಮಾತು ಅವಂದು. ಅವನು ಒಪ್ಪದಿದ್ದ ಮೇಲೆ ನಂಗೇನು ಅಧಿಕಾರ?” ಅಂದ ಅಪ್ಪ. ಆಮೇಲೆ ನಿದ್ದೆ ಹೋದ.

ಮದುವೆಯಾಗಿ ಗುಬ್ಬಿಗೆ ಬಂದು, ಕಂಪ್ಯೂಟರ್ ಕಲಿತು, ಅಂಗಡಿ ಇಟ್ಟಮೇಲೆ ನಾನೂ ಹಾಗೇ ಮಾಡಿದೆ. ಹದಿನೆಂಟು ವರ್ಷ ಮಾಡಿದೆ. ಜನರಿಗೂ ಅಭ್ಯಾಸವಾಗಿತ್ತು. ಅಕ್ಷರ ಬಲ್ಲವರು ಕೂಡ ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಾ ಹೂಂಗುಟ್ಟುತ್ತಿದ್ದರು. ಅಷ್ಟು ವರ್ಷ ಬಿಡದೆ ನಡೆಸಿಕೊಂಡು ಬಂದದ್ದನ್ನು ನಾನು ಒಂದೇ ತಿಂಗಳಲ್ಲಿ ಬಿಟ್ಟೆ. ಅದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಫೋನಿನಲ್ಲಿ ಎಐ ಅಸಿಸ್ಟೆಂಟ್ ಬಂದಿತ್ತು. ಮೊದಮೊದಲು ಅದನ್ನು ನಾನು ಬೈದೇ ಬಳಸುತ್ತಿದ್ದೆ. ಹೇಳಿದರೆ ಸಾಕು, ಅರ್ಜಿ ಬರೆದುಕೊಡುತ್ತಿತ್ತು. ಕನ್ನಡ ಸ್ವಲ್ಪ ಗಂಜಿ ಹಾಕಿದ ಪಂಚೆಯ ಹಾಗೆ ಬಿರುಸು, ಆದರೆ ತಪ್ಪಿರುತ್ತಿರಲಿಲ್ಲ. ಅದು ಫೋನಿನಲ್ಲಿ ಬರೆದದ್ದನ್ನು ನಾನು ಬೆರಳಿನಿಂದ ಒತ್ತಿ ಹಿಡಿದು, ನೀಲಿ ಗುರುತನ್ನು ಮೇಲಿನಿಂದ ಕೆಳಗಿನವರೆಗೆ ಎಳೆದು, ಕಾಪಿ ಮಾಡಿ, ವಾಟ್ಸಪ್ಪಿನಲ್ಲಿ ನನಗೇ ಕಳಿಸಿಕೊಂಡು, ಕಂಪ್ಯೂಟರಿನಲ್ಲಿ ತೆಗೆಯಬೇಕಿತ್ತು. ದಿನಕ್ಕೆ ಮೂವತ್ತು ಸಲ ಹಾಗೆ ಮಾಡಿ ಹೆಬ್ಬೆರಳು ನೋಯುತ್ತಿತ್ತು. ಆಗ ಒಂದು ದಿನ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಬರೆದದ್ದನ್ನು ನೇರವಾಗಿ ನಿಮ್ಮ ಕ್ಲಿಪ್‌ಬೋರ್ಡಿಗೆ ಕಳಿಸಲು ಅನುಮತಿ ಕೊಡುವಿರಾ ಎಂದು.

ಕ್ಲಿಪ್‌ಬೋರ್ಡ್ ಎಂದರೆ ಕಾಪಿ ಮಾಡಿದ್ದು ಪೇಸ್ಟ್ ಮಾಡುವ ತನಕ ಕೂತಿರುವ ಜಾಗ. ಇದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಂತೆ, ಬಿಚ್ಚುವವರೆಗೆ ಒಳಗೇನಿದೆ ಎಂದು ತಿಳಿಯುವುದಿಲ್ಲ. ನಾನು ಅನುಮತಿ ಕೊಟ್ಟೆ. ಅವತ್ತಿನಿಂದ ಫೋನಿಗೆ ಮಾತಾಡಿದರೆ ಬರಹ ಸೀದಾ ಕಂಪ್ಯೂಟರಿನ ಕ್ಲಿಪ್‌ಬೋರ್ಡಿನಲ್ಲಿ ಬಂದು ಕೂರುತ್ತಿತ್ತು. ಒಂದು ಸಣ್ಣ ಟಿಕ್ ಗುರುತು ಬರುತ್ತಿತ್ತು. ನಾನು ಫಾರಂನ ಚೌಕದಲ್ಲಿ ಪೇಸ್ಟ್ ಮಾಡುತ್ತಿದ್ದೆ. ಚೌಕವೋ ಅಂಗೈಯಷ್ಟು, ಅದರಲ್ಲಿ ಕೊನೆಯ ಎರಡು ಸಾಲು ಮಾತ್ರ ಕಾಣುತ್ತಿತ್ತು. ಕಳಿಸು ಎಂದು ಒತ್ತಿದರೆ ಮುಗಿಯಿತು.

ಆ ನೀಲಿ ಗುರುತನ್ನು ಎಳೆಯುವಾಗ ಬೇಡವೆಂದರೂ ನನ್ನ ಕಣ್ಣು ಒಂದೊಂದು ಸಾಲಿನ ಮೇಲೂ ಹಾಯುತ್ತಿತ್ತು ಎಂದು ಆಗ ಹೊಳೆಯಲಿಲ್ಲ. ಹೆಬ್ಬೆರಳಿನ ನೋವು ಹೋಯಿತು ಎಂದಷ್ಟೇ ಖುಷಿ. ಓದುವುದೂ ಹಾಗೇ ಜಾರಿತು. ಮೊದಲು ಸಣ್ಣ ಅರ್ಜಿ ಓದುವುದು ಬಿಟ್ಟೆ, ಆಮೇಲೆ ರಶ್ ಇದ್ದಾಗ ದೊಡ್ಡದನ್ನೂ ಬಿಟ್ಟೆ. ಸ್ಟೂಲಿನ ಮೇಲೆ ಪ್ರಿಂಟರಿನ ಕಾಗದದ ಬಂಡಲ್ ಬಂದು ಕೂತಿತು.

ಅಂಥದ್ದೊಂದು ದಿನ, ಮುಂಚಿನಿಂದಲೂ ನನ್ನಲ್ಲೇ ಬರೆಸುತ್ತಿದ್ದ ಒಬ್ಬ ಅಕ್ಕ ಬಂದಳು. ಗುಬ್ಬಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಹದಿನಾಲ್ಕು ವರ್ಷದಿಂದ ಅದೇ ಒಲೆ. ಓದು ಬರುವುದಿಲ್ಲ, ಮೂರಕ್ಷರದ ಸಹಿ ಮಾತ್ರ ಬರುತ್ತದೆ. ಗಂಡ ಇಲ್ಲ, ಆ ಕೆಲಸವೇ ಅವಳ ಮನೆ ನಡೆಸುವುದು. ಹಿಂದಿನ ವಾರ ಊಟವಾದ ಮೇಲೆ ನಾಲ್ಕು ಮಕ್ಕಳಿಗೆ ವಾಂತಿಯಾಗಿತ್ತು. ಸಂಜೆಯ ಹೊತ್ತಿಗೆ ಮಕ್ಕಳು ಸರಿಹೋಗಿ ಗೋಲಿ ಆಡುತ್ತಿದ್ದರು. ಆದರೆ ಯಾರೋ ತುಮಕೂರಿನ ಬಿಸಿಯೂಟದ ಕಚೇರಿಗೆ ದೂರು ಕೊಟ್ಟು, ಅಡುಗೆಯವಳಿಗೆ ನೋಟಿಸ್ ಬಂದಿತ್ತು. ಸ್ವಚ್ಛತೆ ಕಾಪಾಡದೆ ಅಡುಗೆ ಮಾಡಿದ್ದೀರಿ, ಸಮಜಾಯಿಷಿ ಕೊಡಿ ಎಂದು. ವಿಚಾರಣೆ ಮುಗಿಯುವವರೆಗೆ ಅಡುಗೆಮನೆಗೆ ಕಾಲಿಡಬಾರದು ಎಂದೂ ಇತ್ತು. ಉತ್ತರ ಕೊಡಲು ಅವತ್ತೇ ಕೊನೆಯ ದಿನ.

ಅಂಗಡಿ ತುಂಬ ಜನ. ಅಕ್ಕ ನಿಂತುಕೊಂಡೇ ಹೇಳಿದಳು.

“ಬೇಳೆ ಮುಗ್ಗಲು ವಾಸ್ನೆ ಹೊಡೀತಿತ್ತು ಕಣವ್ವ. ಶನಿವಾರವೇ ಮೇಷ್ಟ್ರಿಗೆ ಹೇಳಿವ್ನಿ. ಬಿಸಿಲಿಗೆ ಹಾಕು, ಸರಿಹೋಯ್ತದೆ ಅಂದ್ರು. ಇಡೀ ಸ್ಕೂಲ್ ಜಗಲಿ ಮೇಲೆ ಹರವಿವ್ನಿ, ಊರೋರೆಲ್ಲ ನೋಡವ್ರೆ. ಆದ್ರೂ ವಾಸ್ನೆ ಹೋಗ್ಲಿಲ್ಲ. ಬ್ಯಾಡ ಅಂದೆ. ಇದ್ದದ್ರಲ್ಲೇ ಮಾಡು ಅಂದ್ರು.” ಅವಳು ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಕೀಬೋರ್ಡಿನ ಪಕ್ಕ ಇಟ್ಟಳು. “ಅದೇ ಬೇಳೆ. ಒಂದ್ ಹಿಡಿ ಎತ್ತಿಟ್ಕಂಡಿವ್ನಿ. ಮೂಸಿ ನೋಡವ್ವ.”

“ಆಮೇಲೆ ನೋಡ್ತೀನಿ ಬಿಡಿ ಅಕ್ಕ,” ಎಂದೆ.

ಈ ಮಾತನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಉರಿಯುತ್ತದೆ. ಒಂದು ಗಂಟು ಬಿಚ್ಚಿ ಮೂಸಿ ನೋಡಲು ಎಷ್ಟು ಹೊತ್ತು ಬೇಕು? ಮೂಗು ಇತ್ತು, ಕೈ ಇತ್ತು, ಬೇಳೆ ಅಲ್ಲೇ ಇತ್ತು. ನಾನು ಫೋನು ಎತ್ತಿಕೊಂಡು ಅಸಿಸ್ಟೆಂಟಿಗೆ ನಾಲ್ಕು ಮಾತು ಒದರಿದೆ. ಟಿಕ್ ಗುರುತು ಬಂತು. ಪೇಸ್ಟ್ ಮಾಡಿದೆ, ಒಂದು ಪ್ರಿಂಟ್ ತೆಗೆದು ಸಹಿ ಹಾಕಲು ಜಾಗ ತೋರಿಸಿದೆ. ಅಕ್ಕ ಪೆನ್ನು ಹಿಡಿದು ಒಂದು ಗಳಿಗೆ ಕಾದಳು.

“ಓದಲ್ವವ್ವ?” ಅಂದಳು.

“ಎಲ್ಲ ಸರಿಯಾಗಿದೆ ಅಕ್ಕ, ಹಾಕಿ.”

ಹಾಕಿದಳು. ನನ್ನನ್ನು ನಂಬಿ ಹಾಕಿದಳು. ಆ ಹಾಳೆಯನ್ನು ಸ್ಕ್ಯಾನ್ ಮಾಡಿ ಲಗತ್ತಿಸಿ ಕಳಿಸಿದೆ. ಬೇಳೆಯ ಗಂಟನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದಳು.

ಹದಿನೈದು ದಿನದ ಮೇಲೆ ಇನ್ನೊಂದು ಕಾಗದ ಹಿಡಿದು ಬಂದಳು. ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಯಾರೂ ಇರಲಿಲ್ಲ. ಬಂಡಲ್ ಇಳಿಸಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಓದತೊಡಗಿದೆ. ಮೇಲಿನ ನಂಬರು, ವಿಷಯ, ಉಲ್ಲೇಖ, ಎಲ್ಲಕ್ಕೂ ಅವಳು ಅಭ್ಯಾಸಬಲದಿಂದ ಹೂಂ ಅನ್ನುತ್ತಿದ್ದಳು. ಆಮೇಲೆ ಹೀಗೊಂದು ವಾಕ್ಯ ಬಂತು. “ಸದರಿಯವರು ತಮ್ಮ ಲಿಖಿತ ಸಮಜಾಯಿಷಿಯಲ್ಲಿ ತಮ್ಮಿಂದ ಲೋಪವಾಗಿರುವುದನ್ನು ಒಪ್ಪಿಕೊಂಡಿರುವುದರಿಂದ, ಅವರನ್ನು ಕೆಲಸದಿಂದ ಏಕೆ ಬಿಡುಗಡೆಗೊಳಿಸಬಾರದು ಎಂಬುದಕ್ಕೆ ಖುದ್ದು ಹಾಜರಾಗಿ ಉತ್ತರಿಸತಕ್ಕದ್ದು.”

ಹೂಂ ಬರಲಿಲ್ಲ.

“ನಾನ್ಯಾವಾಗ ಒಪ್ಕಂಡೆ?” ಅಂದಳು ಅಕ್ಕ. ಗಟ್ಟಿಯಾಗಿ ಅಲ್ಲ. ನಿಜವಾಗಲೂ ಗೊತ್ತಿಲ್ಲದೆ ಕೇಳಿದ ಹಾಗೆ ಕೇಳಿದಳು.

ಕಂಪ್ಯೂಟರಿನಲ್ಲಿ ನಾನು ಕಳಿಸಿದ ಉತ್ತರ ತೆಗೆದೆ. ಮೊದಲ ಸಲ ಅದನ್ನು ಓದಿದೆ. “ಬೇಳೆಯ ಗುಣಮಟ್ಟವನ್ನು ಸರಿಯಾಗಿ ಪರಿಶೀಲಿಸದೆ ಬಳಸಿದ್ದು ನನ್ನಿಂದಾದ ಲೋಪವಾಗಿರುತ್ತದೆ. ಇದಕ್ಕಾಗಿ ತೀವ್ರವಾಗಿ ವಿಷಾದಿಸುತ್ತೇನೆ. ಇನ್ನು ಮುಂದೆ ಇಂತಹ ತಪ್ಪು ಮರುಕಳಿಸದಂತೆ ಎಚ್ಚರ ವಹಿಸುತ್ತೇನೆ. ದಯಮಾಡಿ ಕ್ಷಮಿಸಬೇಕೆಂದು ಪ್ರಾರ್ಥಿಸುತ್ತೇನೆ.” ಕೆಳಗೆ ಮೂರಕ್ಷರದ ಸಹಿ. ಭಾಷೆ ಮಾತ್ರ ಬಹಳ ಚೆನ್ನಾಗಿತ್ತು.

ಫೋನಿನಲ್ಲಿ ನಾನು ಅವತ್ತು ಏನು ಒದರಿದ್ದೆ ಎಂದು ತೆಗೆದು ನೋಡಿದೆ. ಅದೂ ಹಾಗೇ ಉಳಿದಿತ್ತು. “ಬಿಸಿಯೂಟದ ಅಡುಗೆಯವರಿಗೆ ನೋಟಿಸ್ ಬಂದಿದೆ. ಹದಿನಾಲ್ಕು ವರ್ಷದಿಂದ ಅದೇ ಶಾಲೆ, ದಿನಾ ಎಂಟೂವರೆಗೆ ಹಾಜರು. ಬೇಳೆ ಸರಿ ಇರಲಿಲ್ಲ. ತಗ್ಗಿ ಬಗ್ಗಿ ಬರಿ. ಸಾಹೇಬರಿಗೆ ಕೋಪ ಬರಬಾರದು, ಕೆಲಸ ಉಳಿದರೆ ಸಾಕು.” ಮೇಷ್ಟ್ರ ವಿಷಯ ಹೇಳಿರಲಿಲ್ಲ. ಶನಿವಾರದ ವಿಷಯ ಹೇಳಿರಲಿಲ್ಲ. ಬಿಸಿಲಿಗೆ ಹರವಿದ್ದು, ಬೇಡ ಅಂದದ್ದು, ಯಾವುದನ್ನೂ ಹೇಳಿರಲಿಲ್ಲ. ತಗ್ಗಿ ಬಗ್ಗಿ ಬರಿ ಎಂದೆ, ಅದು ತಗ್ಗಿತು, ಬಗ್ಗಿತು, ಅಕ್ಕನನ್ನು ಕಾಲಿಗೂ ಬೀಳಿಸಿತು. ಯಂತ್ರವನ್ನು ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವನು ಕೆಟ್ಟವನಲ್ಲ, ಹೆದರುತ್ತಾನೆ ಅಷ್ಟೆ.

“ಅದ್ರಲ್ಲಿ ನಿನ್ ಹೆಸರೆಲ್ಲಿದೆ? ಸಹಿ ಆಯಮ್ಮಂದು. ಸುಮ್ನೆ ಇನ್ನೊಂದ್ ಒಳ್ಳೆ ಅರ್ಜಿ ಬರ್ದುಕೊಟ್ಟು ಕೈ ತೊಳ್ಕೋ. ನೀನ್ ಹೋಗಿ ನಿಂತ್ರೆ ನಿನ್ ಲಾಗಿನ್ ಕಿತ್ಕಂಡು ಕಳಿಸ್ತಾರೆ ನೋಡು,” ಅಂದ.

ಸರ್ಕಾರ ಅಂಗಡಿಗೆ ಕೊಟ್ಟ ಆ ಲಾಗಿನ್ ಇಲ್ಲದಿದ್ದರೆ ಆನ್‌ಲೈನ್ ಅರ್ಜಿ ಇಲ್ಲ, ಆನ್‌ಲೈನ್ ಅರ್ಜಿ ಇಲ್ಲದಿದ್ದರೆ ಅಂಗಡಿಯಲ್ಲಿ ಲ್ಯಾಮಿನೇಷನ್ ಒಂದೇ. ಅದು ನನಗೂ ಗೊತ್ತಿತ್ತು. ಕಿತ್ತುಕೊಳ್ಳಲಿ ಎಂದೆ. ಅವನು ಟಿವಿಯ ಸದ್ದು ಹೆಚ್ಚಿಸಿದ.

ವಿಚಾರಣೆಯ ದಿನ ಅಂಗಡಿಯ ಶಟರ್ ಎಳೆದು ಅಕ್ಕನ ಜೊತೆ ತುಮಕೂರಿನ ಬಸ್ಸು ಹತ್ತಿದೆ. ಅವಳು ಮದುವೆಗೆ ಉಡುವ ಸೀರೆ ಉಟ್ಟುಕೊಂಡು ಬಂದಿದ್ದಳು. ಚೀಲ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವಳು ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. “ಮಕ್ಳಿಗೆ ಇವತ್ತು ಪಲಾವ್ ದಿನ. ಯಾರ್ ಮಾಡವ್ರೋ ಏನೋ, ಅಕ್ಕಿ ನೆನೆಸೋದೇ ಗೊತ್ತಿರಲ್ಲ,” ಎಂದು ಕಿಟಕಿಯ ಕಡೆ ನೋಡಿಕೊಂಡು ಹೇಳಿದಳು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನೋಣ ಎಂದೆ. ಬ್ಯಾಡ, ಹೊತ್ತಾಯ್ತದೆ ಅಂದಳು. ಸೀದಾ ಕಚೇರಿಗೆ ನಡೆದೆವು.

ಕಚೇರಿಯಲ್ಲಿ ಹನ್ನೊಂದಕ್ಕೆ ಕರೆದವರು ಎರಡಕ್ಕೆ ಒಳಗೆ ಬಿಟ್ಟರು. ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. ಮೇಜಿನ ಮೇಲೆ ಫೈಲು ತೆರೆದಿತ್ತು. ನಾನು ಕಳಿಸಿದ ಉತ್ತರದಲ್ಲಿ ಲೋಪ ಎಂದಿದ್ದ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು.

“ನೀವೇ ಒಪ್ಕೊಂಡಿದೀರಲ್ಲಮ್ಮ. ಇನ್ನೇನು ಕೇಳೋದು? ಯಾರ್ರೀ ನೀವು?” ಎಂದು ನನ್ನ ಕಡೆ ತಿರುಗಿದರು.

“ಇದನ್ನ ಕಳಿಸಿದವಳು ನಾನು ಸಾರ್. ಅಂಗಡಿಯವಳು.”

“ನಿಮಗೇನ್ ಕೆಲ್ಸ ಇಲ್ಲಿ?”

“ಆ ಉತ್ತರನ ಒಂದ್ಸಲ ಓದ್ತೀನಿ ಸಾರ್. ಈಯಮ್ಮನ ಮುಂದೆ. ಅವತ್ತು ಓದಿರಲಿಲ್ಲ.”

“ನಾನು ಓದಿದೀನಿ.”

“ನೀವು ಓದಿದೀರಿ ಸಾರ್. ಬರೆಸಿದವರು ಕೇಳಿಲ್ಲ.”

ಸಾಹೇಬರಿಗೆ ನನ್ನ ದನಿ ಹಿಡಿಸಲಿಲ್ಲ. ನನ್ನ ದನಿ ಯಾರಿಗೂ ಹಿಡಿಸುವುದಿಲ್ಲ, ಅದು ಹುಟ್ಟಾ ಹಾಗೇ ಇದೆ. ಗೋಡೆಯ ಕಡೆ ಕೂತಿದ್ದ ಗುಮಾಸ್ತರು, ಹೊರಗಿರಿ ಮೇಡಂ ಎಂದು ಎದ್ದರು. ನಾನು ಹೋಗಲಿಲ್ಲ. ನನ್ನ ಬಳಿ ಇದ್ದ ಪ್ರತಿ ತೆಗೆದು, ನಿಂತಲ್ಲೇ ಓದಲು ಶುರುಮಾಡಿದೆ. ಅಂಗಡಿಯಲ್ಲಿ ಓದುವ ಹಾಗೇ, ಅದೇ ಗಂಟಲಿನಲ್ಲಿ.

ಇಂಥ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಅಡುಗೆ ಕೆಲಸ ಮಾಡುತ್ತಿರುತ್ತೇನೆ ಎಂದು ಓದಿದೆ. ಅಕ್ಕ ಹೂಂ ಅಂದಳು. ದಿನವೂ ಬೆಳಿಗ್ಗೆ ಎಂಟೂವರೆಗೆ ಹಾಜರಾಗುತ್ತೇನೆ ಎಂದು ಓದಿದೆ. ಹೂಂ. ಮಕ್ಕಳನ್ನು ನನ್ನ ಸ್ವಂತ ಮಕ್ಕಳಂತೆ ನೋಡಿಕೊಂಡಿರುತ್ತೇನೆ. ಅದಕ್ಕೆ ಎರಡು ಸಲ ಹೂಂ ಅಂದಳು. ಗುಮಾಸ್ತರು ನಿಂತೇ ಇದ್ದರು. ಮೇಲಿನ ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. “ಬೇಳೆಯ ಗುಣಮಟ್ಟವನ್ನು ಸರಿಯಾಗಿ ಪರಿಶೀಲಿಸದೆ ಬಳಸಿದ್ದು ನನ್ನಿಂದಾದ ಲೋಪವಾಗಿರುತ್ತದೆ.”

ಅಕ್ಕ ಬಾಯಿ ಬಿಗಿದುಕೊಂಡಳು. ನಾನೂ ಮುಂದೆ ಓದಲಿಲ್ಲ. ಕಾದೆ. ಅಪ್ಪ ಕಾಯುತ್ತಿದ್ದ ಹಾಗೆ ಕಾದೆ.

ಸಾಹೇಬರೇ ಕೇಳಿದರು. “ಯಾಕಮ್ಮ ಸುಮ್ನಾದ್ರಿ?”

“ಅದು ನನ್ ಮಾತಲ್ಲ ಸಾಮಿ.” ಅಕ್ಕ ಚೀಲಕ್ಕೆ ಕೈ ಹಾಕಿ ಗಂಟು ತೆಗೆದು, ಬಿಚ್ಚಿ, ಕೆಂಪು ಗೆರೆ ಎಳೆದಿದ್ದ ಫೈಲಿನ ಮೇಲೇ ಇಟ್ಟಳು. “ಪರಿಶೀಲ್ನೆ ಮಾಡಿವ್ನಿ. ಶನಿವಾರವೇ ಮಾಡಿವ್ನಿ. ಮೂಸಿ ನೋಡಿ. ಇದನ್ನ ಬ್ಯಾಡ ಅಂದವ್ಳು ನಾನು. ಬ್ಯಾಡ ಅಂದವ್ಳೇ ತೆಪ್ಪೊಪ್ಕಂಡ್ರೆ, ಮಾಡು ಅಂದೋರು ಏನಾಗ್ಬೇಕು?”

ಸಾಹೇಬರು ಬೇಳೆಯ ಮೇಲೆ ಬಗ್ಗಿದರು. ಮುಖ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ನನ್ನನ್ನು ನೋಡಿ, “ಹಾಗಾದ್ರೆ ಇದೆಲ್ಲ ಹೇಗೆ ಬಂತ್ರೀ? ಸಲ್ಲಿಸಿದ್ದು ಸಲ್ಲಿಸಿದ್ದೇ. ಸಹಿ ಇದೆ,” ಎಂದರು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎಐ ಅಸಿಸ್ಟೆಂಟ್ ಬರೆದು ಕ್ಲಿಪ್‌ಬೋರ್ಡಿಗೆ ಹಾಕಿತು, ನಾನು ನೋಡದೆ ಪೇಸ್ಟ್ ಮಾಡಿದೆ, ಓದಿ ಅಂದಾಗಲೂ ಓದಲಿಲ್ಲ. ಈ ಉತ್ತರ ಈಯಮ್ಮನದಲ್ಲ. ಯಂತ್ರದ್ದು, ಮತ್ತೆ ನನ್ನದು. ತಪ್ಪೊಪ್ಪಿಗೆ ಬೇಕಾದರೆ ನನ್ನದು ತಗೊಳ್ಳಿ, ಅದು ನಿಜವಾದದ್ದು.

“ಹೀಗೆಲ್ಲ ಬರೆದುಕೊಟ್ರೆ ನಿಮ್ಮ ಮೇಲೆ ಕ್ರಮ ಆಗುತ್ತೆ, ಗೊತ್ತೇನ್ರೀ?”

“ಆಗ್ಲಿ ಸಾರ್. ಒಂದು ಬಿಳಿ ಹಾಳೆ ಕೊಡಿ.”

ಅಲ್ಲೇ ಗುಮಾಸ್ತರ ಮೇಜಿನ ಮೂಲೆಯಲ್ಲಿ ಕೂತು ಅಕ್ಕನ ಮಾತನ್ನು ಕೈಯಾರೆ ಬರೆದೆ. ಶನಿವಾರ, ಮೇಷ್ಟ್ರು, ಜಗಲಿ, ಬಿಸಿಲು, ವಾಸನೆ, ಬೇಡ ಅಂದದ್ದು. ವಿಷಾದ ಎಂಬ ಪದ ಎಲ್ಲೂ ಇರಲಿಲ್ಲ. ಪ್ರಾರ್ಥಿಸುತ್ತೇನೆ ಎಂದೂ ಇರಲಿಲ್ಲ. ಬರೆದು ಗಟ್ಟಿಯಾಗಿ ಓದಿದೆ. ಅಕ್ಕ ಒಂದೊಂದಕ್ಕೂ ಹೂಂ ಅಂದಳು, ಕೊನೆಕೊನೆಗೆ ವರಾಂಡದಲ್ಲಿ ಕಾಯುತ್ತಿದ್ದವರೂ ಬಾಗಿಲಲ್ಲಿ ಇಣುಕಿದರು. ಆಮೇಲೆ ಸಹಿ ಹಾಕಿದಳು. ಅದರ ಹಿಂದೆ ನನ್ನದೊಂದು ಹಾಳೆ ಬರೆದು ಲಗತ್ತಿಸಿದೆ.

ಮೂರು ವಾರದ ಮೇಲೆ ಅಕ್ಕನ ಮೇಲಿನ ಆರೋಪ ಕೈಬಿಟ್ಟು ಕಾಗದ ಬಂತು. ಮಾರನೆ ದಿನವೇ ಅವಳು ಒಲೆಯ ಮುಂದೆ ಇದ್ದಳು. ಬೇಳೆಯ ಮೂಟೆ ವಾಪಸ್ ಹೋಯಿತಂತೆ. ಅದೇ ವಾರ ನನಗೂ ಒಂದು ನೋಟಿಸ್ ಬಂತು. ಅರ್ಜಿದಾರರಿಗೆ ಓದಿ ಹೇಳದೆ ಉತ್ತರ ಸಲ್ಲಿಸಿದ್ದಕ್ಕೆ ನಿಮ್ಮ ಲಾಗಿನ್ ಏಕೆ ರದ್ದುಪಡಿಸಬಾರದು ಎಂದು. ರದ್ದೇನೂ ಮಾಡಲಿಲ್ಲ, ಮೂರು ತಿಂಗಳು ನಿಲ್ಲಿಸಿದರು. ಆ ಮೂರು ತಿಂಗಳು ಲ್ಯಾಮಿನೇಷನ್ ಮಾಡಿದೆ, ಕಾಗದದ ಮೇಲೆ ಅರ್ಜಿ ಬರೆದೆ, ಗಂಡನ ಮುಖ ನೋಡಿದೆ. ಅವನು ನಾನು ಹೇಳಿರಲಿಲ್ಲವಾ ಅನ್ನಲಿಲ್ಲ, ಅದು ಅವನ ಒಳ್ಳೆಯತನ. ಬೇರೆ ಕೆಲವರು, ಆ ಎಐ ಸಹವಾಸವೇ ಬೇಡ, ಕಿತ್ತುಹಾಕು ಅಂದರು. ಯಾಕೆ ಕಿತ್ತುಹಾಕಲಿ? ಅದು ಚೆನ್ನಾಗಿ ಬರೆಯುತ್ತದೆ, ನನ್ನ ಹೆಬ್ಬೆರಳು ಉಳಿಸಿದೆ. ಕ್ಲಿಪ್‌ಬೋರ್ಡಿನ ಅನುಮತಿಯನ್ನೂ ತೆಗೆದಿಲ್ಲ. ಈಗ ಅಲ್ಲಿಗೆ ಬಂದದ್ದನ್ನು ಫಾರಂನ ಆ ಚಿಕ್ಕ ಚೌಕದಲ್ಲಿ ಪೇಸ್ಟ್ ಮಾಡುವ ಮುಂಚೆ ಒಂದು ಖಾಲಿ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತೇನೆ, ಓದುತ್ತೇನೆ, ಹೂಂ ಕೇಳುತ್ತೇನೆ. ಯಂತ್ರ ಹೆದರಿಸಿತು ಎಂದು ಯಂತ್ರ ಬಿಡುವವಳೂ ಅಲ್ಲ, ಯಂತ್ರ ಇದೆ ಎಂದು ಬಾಯಿ ಮುಚ್ಚುವವಳೂ ಅಲ್ಲ ನಾನು.

ನನ್ನ ನೋಟಿಸಿಗೆ ಉತ್ತರ ಬರೆದ ದಿನದ್ದು ಒಂದು ಹೇಳುವುದಿದೆ. ಅಸಿಸ್ಟೆಂಟಿಗೆ ನಡೆದದ್ದನ್ನೆಲ್ಲ ಹೇಳಿದೆ, ಈ ಸಲ ಏನೂ ಬಿಡಲಿಲ್ಲ. ತಗ್ಗಬೇಡ, ಬಗ್ಗಬೇಡ, ನಿಜ ಬರಿ ಎಂದೆ. ಟಿಕ್ ಗುರುತು ಬಂತು. ಖಾಲಿ ಪುಟದಲ್ಲಿ ಹಾಕಿದೆ. ಆಗ ಹೊಳೆಯಿತು, ಇದಕ್ಕೆ ಹೂಂ ಅನ್ನುವವರು ಯಾರು? ನನ್ನ ಅರ್ಜಿಗೆ ನಾನೇ ಹೂಂ ಅಂದುಕೊಂಡರೆ ಅದು ಲೆಕ್ಕಕ್ಕಿಲ್ಲ. ಅಷ್ಟರಲ್ಲಿ ಅಕ್ಕ ಶಾಲೆ ಮುಗಿಸಿಕೊಂಡು, ಒಂದು ಕಟ್ಟು ನುಗ್ಗೆಸೊಪ್ಪು ಹಿಡಿದು ಬಂದಳು. ಸ್ಟೂಲಿನ ಮೇಲೆ ಕೂರಿಸಿದೆ.

“ಇವತ್ತು ನಂದು ಓದ್ತೀನಿ ಅಕ್ಕ. ನಿಜ ಅನ್ನಿಸಿದ್ರೆ ಹೂಂ ಅನ್ನಿ. ಇಲ್ದಿದ್ರೆ ಬೇಡ.”

ಅವಳು ಸೊಪ್ಪನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಳು. ಅಂಗಡಿಯ ವಿಳಾಸ ಓದಿದೆ, ಹದಿನೆಂಟು ವರ್ಷ ಓದಿ ಹೇಳಿಯೇ ಕಳಿಸುತ್ತಿದ್ದೆ ಎಂದು ಓದಿದೆ, ಹೂಂ ಅಂದಳು. ಮುಂದಿನ ವಾಕ್ಯ ಓದಿದೆ. “ಅಂದು ಆಕೆ ಓದಿ ಎಂದು ಕೇಳಿದರೂ ಓದದೆ ಕಳಿಸಿದ್ದು ನನ್ನದೇ ತಪ್ಪು. ಅದನ್ನು ಬರೆದ ಯಂತ್ರದ್ದಲ್ಲ, ಸಹಿ ಹಾಕಿದ ಆಕೆಯದೂ ಅಲ್ಲ.”

ಅಕ್ಕ ಸೊಪ್ಪಿನ ದಂಟು ಮುರಿಯುತ್ತಾ ಕೂತಳು.

“ಯಾಕಕ್ಕ?”

“ಇದೊಂದ್ ಬುಟ್ಬುಡವ್ವ. ನಿನ್ ಅಂಗಡಿ ಹೋಯ್ತದೆ.”

“ಸುಳ್ಳಾ ಇದು?”

“ಸುಳ್ಳಲ್ಲ.”

“ಮತ್ತೆ?”

ಹೊರಗೆ ಇಬ್ಬರು ಕಾಯುತ್ತಿದ್ದರು. ಒಬ್ಬರು ವಾಚು ನೋಡಿಕೊಂಡರು. ನೋಡಿಕೊಳ್ಳಲಿ ಎಂದು ಬಿಟ್ಟೆ. ಅಕ್ಕ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಅವಳ ಕಣ್ಣು ತುಂಬಿತ್ತು, ನನ್ನದೂ.

“ಹೂಂ,” ಅಂದಳು.

ಪೇಸ್ಟ್ ಮಾಡಿದೆ.